ಸೃಷ್ಟಿಕರ್ತನ ಅಜ್ಞಾನ

ಎಳೆಯ ಮಗುವನ್ನು ಕಳೆದುಕೊಂಡ ತಾಯಿ ‘ದೇವರು ಏಕೆ ಹೀಗೆ ಮಾಡಿದ?’ ಎಂದು ಕೇಳಿದಾಗ ಸುತ್ತ ಕುಳಿತವರು ತಲೆ ತಗ್ಗಿಸುತ್ತಾರೆ. ಲೋಕವನ್ನು ನಿರ್ಮಿಸಿದವನೊಬ್ಬನಿದ್ದಾನೆ, ಅವನು ದಯಾಮಯನೂ ಸರ್ವಶಕ್ತನೂ ಆಗಿದ್ದಾನೆ ಎಂದು ನಂಬಿದವರಿಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ.

ಕ್ರಿ.ಶ. 2ನೆಯ ಶತಮಾನದಲ್ಲಿ ಈಜಿಪ್ಟ್, ರೋಮ್ ಮೊದಲಾದೆಡೆ ಇದ್ದ ಗ್ನಾಸ್ಟಿಕ್ ಪಂಥದವರು ಇದಕ್ಕೆ ದಿಟ್ಟ ಉತ್ತರವಿತ್ತರು: ಲೋಕವನ್ನು ಮಾಡಿದವನು ಪರಮದೈವವೇ ಅಲ್ಲ! ಅವರ ಹೆಸರನ್ನು ‘ನಾಸ್ಟಿಕ್’ ಎಂದೂ ಉಚ್ಚರಿಸುವುದರಿಂದ ನಮ್ಮ ಕಿವಿಗೆ ‘ನಾಸ್ತಿಕ’ ಎಂದೇ ಕೇಳಿಸೀತು. ಆದರೆ ಅದರ ಮೂಲವಾದ ಗ್ರೀಕ್ ಪದ ‘ಗ್ನೋಸಿಸ್’ ನಮ್ಮ ‘ಜ್ಞಾನ’ದ ಒಡಹುಟ್ಟು.

ಬಹುಕಾಲ ಇವರ ವಿಚಾರ ತಿಳಿದದ್ದು ಹೆಚ್ಚಾಗಿ ಇವರನ್ನು ಖಂಡಿಸಿದ ಐರೇನಿಯಸ್‌ನಂತಹ ಧರ್ಮಗುರುಗಳ ಬರಹಗಳಿಂದ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ, ಜಾಡಿಯೊಂದರಲ್ಲಿ ಹುದುಗಿದ್ದ ಕಾಪ್ಟಿಕ್ ಭಾಷೆಯ ಹಸ್ತಪ್ರತಿಗಳು ದೊರೆತ ಮೇಲೆ ಅವರ ಮಾತು ಅವರಿಂದಲೇ ಕೇಳಿಬಂತು.

ಅವುಗಳಲ್ಲಿರುವ ‘ಯೋಹಾನನ ರಹಸ್ಯಗ್ರಂಥ’ದ ಕಥೆ ವಿಲಕ್ಷಣವಾದುದು. ಪರಮದೈವವು ಅಳತೆಗೆ ಸಿಗದ, ಹೆಸರಿಗೆ ನಿಲುಕದ ಬೆಳಕು. ಆ ಬೆಳಕಿನ ಲೋಕದ ಸೋಫಿಯಾ, ಎಂದರೆ ಪ್ರಜ್ಞಾದೇವಿ, ತನ್ನ ಜೊತೆಗಾರನ ಸಮ್ಮತಿಯಿಲ್ಲದೆ ಸೃಷ್ಟಿಗಿಳಿಯಲು ಸಿಂಹಮುಖದ, ಸರ್ಪರೂಪದ ಯಾಲ್ದಬಾವೋತ್ ಹುಟ್ಟಿದ. ತನ್ನ ಮೇಲೊಂದು ಲೋಕವಿದೆಯೆಂಬುದನ್ನೇ ಅರಿಯದ ಅವನು ಈ ಜಗತ್ತನ್ನು ಕಟ್ಟಿ, ತಾನೇ ಏಕೈಕ ದೇವರೆಂದೂ ಅಸೂಯಾಪರನೆಂದೂ ಸಾರಿದ. ಬೇರೆ ದೇವರೇ ಇಲ್ಲವಾದರೆ ಅಸೂಯೆ ಯಾರ ಮೇಲೆ ಎಂದು ಗ್ರಂಥ ಮೆಲ್ಲಗೆ ಕುಟುಕುತ್ತದೆ. ಅವನು ಮಾಡಿಸಿದ ಮಾನವದೇಹ ಅಲುಗಾಡದೆ ಬಿದ್ದಿತ್ತು. ತಾಯಿಯಿಂದ ಬಂದ ಚೈತನ್ಯವನ್ನು ಅವನು ಅರಿಯದೆಯೇ ಅದರೊಳಗೆ ಊದಿದಾಗ ಆದಿಮಾನವನು ಮೇಲೆದ್ದ, ನಿರ್ಮಾತೃವಿಗಿಂತ ಹೆಚ್ಚು ಬೆಳಗಿದ. ನಮ್ಮೊಳಗಿರುವ ಆ ಕಿಡಿಯನ್ನು ಅರಿಯುವುದೇ ಅವರ ಪಾಲಿಗೆ ಬಿಡುಗಡೆ.

ಜೈನ ಓದುಗರಿಗೆ ಇಲ್ಲಿ ಪರಿಚಿತವಾದುದು ಬಹಳಷ್ಟಿದೆ. ಬಂಧನ, ಮರೆಯಾದ ಆತ್ಮಜ್ಯೋತಿ, ಅರಿವಿನಿಂದ ಮುಕ್ತಿ, ಸೃಷ್ಟಿಕಾರ್ಯವಿಲ್ಲದ ಪರಮಾತ್ಮ. ಆದರೂ ದಾರಿ ಒಂದೆಡೆ ಕವಲೊಡೆಯುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು 9ನೆಯ ಶತಮಾನದ ತಮ್ಮ ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನೇ ಪರೀಕ್ಷೆಗೆ ಒಡ್ಡಿದರು. ಲೋಕವಿಲ್ಲದಾಗ ಅವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ನಿರ್ಮಿಸಿದ? ಕೃತಾರ್ಥನಾದವನಿಗೆ ಸೃಷ್ಟಿಸುವ ಇಚ್ಛೆ ಎಲ್ಲಿಯದು? ಕರುಣೆಯಿಂದ ಮಾಡಿದನೆಂದರೆ ಎಲ್ಲರೂ ಸುಖಿಗಳಾಗಿರಬೇಕಿತ್ತಲ್ಲವೇ? ಅವರ ನಿರ್ಣಯದಂತೆ ಲೋಕ ಅನಾದಿ, ಅದು ಯಾರ ಪ್ರಮಾದವೂ ಅಲ್ಲ.

ಗ್ನಾಸ್ಟಿಕರು ಆರೋಪಿಯ ಪೀಠದಲ್ಲಿ ಕೆಳದರ್ಜೆಯ ದೇವನೊಬ್ಬನನ್ನು ನಿಲ್ಲಿಸಿದರು. ಜಿನಸೇನರು ಆ ಪೀಠವನ್ನೇ ತೆಗೆದರು. ಅಲ್ಲಿ ಮೂಲ ಅಜ್ಞಾನ ನಿರ್ಮಾತೃವಿನದು, ಇಲ್ಲಿ ಜೀವದ್ದೇ. ಈ ಎರಡನೆಯ ಮಾತು ತರ್ಕಕ್ಕೆ ನಿರ್ಮಲವಾದರೂ ಹೃದಯಕ್ಕೆ ಕಠಿನ ಎಂಬುದನ್ನು ಒಪ್ಪಬೇಕು. ಅಳುತ್ತಿರುವ ತಾಯಿಗೆ ಪೂರ್ವಕರ್ಮವನ್ನು ವಿವರಿಸಹೊರಡುವುದು ಶಾಸ್ತ್ರಜ್ಞಾನವಲ್ಲ, ಹಿಂಸೆ.

ದುಃಖ ಒಂದಿಷ್ಟು ತಿಳಿಯಾದ ಮೇಲೆ ಅವಳು ಬಸದಿಗೆ ಬಂದಾಳು. ಎದುರಿಗಿರುವ ಜಿನಬಿಂಬ ಮಗುವನ್ನು ಕೊಟ್ಟದ್ದೂ ಅಲ್ಲ, ಕಿತ್ತುಕೊಂಡದ್ದೂ ಅಲ್ಲ. ಅವಳಿಗೆ ಅಲ್ಲಿ ಯಾರನ್ನೂ ಕ್ಷಮಿಸಬೇಕಾದ ಭಾರವಿರುವುದಿಲ್ಲ.