ಗಿಟಾರಿನ ವೇಗ ಮತ್ತು ಪಿಕ್ಕಿನ ಹಾದಿ

ಗಿಟಾರನ್ನು ಕಲಿಯತೊಡಗಿದ ಅನೇಕರನ್ನು ಒಂದು ವಿಚಿತ್ರವಾದ ತೊಡಕು ಕಾಡುತ್ತದೆ. ಒಂದೇ ತಂತಿಯ ಮೇಲೆ ಸೆಕೆಂಡಿಗೆ ಹತ್ತು ಸ್ವರಗಳನ್ನು ನಿರಾಯಾಸವಾಗಿ ಮೀಟಬಲ್ಲ ಕೈ, ಅದೇ ಸ್ವರಗಳನ್ನು ಎರಡು ಮೂರು ತಂತಿಗಳಿಗೆ ಹಂಚಿದೊಡನೆ ತಡವರಿಸುತ್ತದೆ; ಮಣಿಕಟ್ಟು ಬಿಗಿಯುತ್ತದೆ. 'ಇನ್ನೂ ಸಾಧನೆ ಮಾಡು' ಎಂಬುದೇ ಇದಕ್ಕೆ ಸಾಮಾನ್ಯವಾಗಿ ದೊರೆಯುವ ಔಷಧ. ವಿದ್ಯಾರ್ಥಿಯು ವರ್ಷಗಟ್ಟಲೆ ಸಾಧನೆ ಮಾಡುತ್ತಾನೆ. ಫಲ ಸ್ವಲ್ಪ, ಕೈನೋವು ಬಹಳ. ಒಂದು ತಂತಿಯ ಮೇಲಿದ್ದ ವೇಗವು ಎರಡನೆಯದಕ್ಕೆ ಹೋಗುವಷ್ಟರಲ್ಲಿ ಎಲ್ಲಿ ಮಾಯವಾಯಿತು? ಇದನ್ನು ರೇಖಾಗಣಿತದಲ್ಲಿ ಹುಡುಕಬೇಕಾಗುತ್ತದೆ.

ಗಿಟಾರಿನ ಆರು ತಂತಿಗಳಲ್ಲಿ ದಪ್ಪನೆಯದು ವಾದಕನ ಮುಖದ ಕಡೆಗೂ ತೆಳುವಾದುದು ನೆಲದ ಕಡೆಗೂ ಇರುತ್ತವೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದ ಪಿಕ್ಕೆಂಬ ಚಿಕ್ಕ ಬಿಲ್ಲೆಯಿಂದ ಅವನ್ನು ಮೀಟುತ್ತಾರೆ. ನೆಲದ ಕಡೆಗೆ ಮೀಟಿದರೆ ಅದನ್ನು ಕೆಳಮೀಟು ಎನ್ನೋಣ. ಹಿಂದಿರುಗುವಾಗ ಮೀಟಿದರೆ ಮೇಲ್ಮೀಟು. ಎರಡನ್ನೂ ಒಂದಾದ ಮೇಲೊಂದರಂತೆ ಬಳಸುವುದು ವಾಡಿಕೆ. ತಂತಿಗಳು ಹೆಚ್ಚುಕಡಿಮೆ ಒಂದೇ ಸಮತಲದಲ್ಲಿವೆ. ಮೀಟುವ ಜಾಗದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸುಮಾರು ೧೦ ಮಿಲಿಮೀಟರು ಅಂತರ. ಪಿಕ್ಕಿನ ತುದಿ ಈ ಸಮತಲಕ್ಕೆ ಸಮಾನಾಂತರವಾಗಿ ಚಲಿಸಿದರೆ, ಮೀಟಿದ ಬಳಿಕ ಅದು ಎರಡು ತಂತಿಗಳ ನಡುವೆ, ಹಳ್ಳಕ್ಕಿಳಿದ ಗಾಡಿಯಂತೆ, ಸಿಕ್ಕಿಕೊಳ್ಳುತ್ತದೆ. ಬೇರೊಂದು ತಂತಿಗೆ ಹೋಗಬೇಕಾದರೆ ಮೇಲಕ್ಕೇಳಲೇಬೇಕು. (ನಮ್ಮ ವೈಣಿಕರಿಗೆ ಈ ಸಂಕಟವಿಲ್ಲ, ಅವರು ತೋರುಬೆರಳು ನಡುಬೆರಳುಗಳಿಂದ ಬೇರೆಬೇರೆಯಾಗಿ ಮೀಟುತ್ತಾರೆ. ಸಿತಾರಿನಲ್ಲಿಯೋ, ರಾಗದ ಬಹುಭಾಗವು ಒಂದೇ ತಂತಿಯ ಮೇಲೆ ನಡೆಯುತ್ತದೆ.)

ಹೀಗೆ ಮೇಲಕ್ಕೇಳುವುದರ ಬೆಲೆಯೆಷ್ಟು? ಸೆಕೆಂಡಿಗೆ ಹತ್ತು ಸ್ವರಗಳೆಂದರೆ ಪಿಕ್ಕು ಐದು ಸಲ ಹೋಗಿ ಐದು ಸಲ ಬರುತ್ತದೆ. ಇದನ್ನು ಸರಳ ಸಂಗತ ಚಲನೆಯೆಂದು ಭಾವಿಸೋಣ. ಅದರಲ್ಲಿ ಗರಿಷ್ಠ ವೇಗೋತ್ಕರ್ಷವು ಕಂಪನ ವಿಸ್ತಾರಕ್ಕೂ ಆವೃತ್ತಿಯ ವರ್ಗಕ್ಕೂ ಅನುಪಾತದಲ್ಲಿರುತ್ತದೆ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ತಂತಿಯ ಎರಡೂ ಪಕ್ಕಗಳಿಗೆ ೨ ಮಿಲಿಮೀಟರಿನಂತೆ ಪಿಕ್ಕು ಓಲಾಡಿದರೆ ವೇಗೋತ್ಕರ್ಷವು ಸುಮಾರು ೨ ಮೀಟರು ಪ್ರತಿ ಸೆಕೆಂಡು ವರ್ಗ. ಗುರುತ್ವದ ಐದನೆಯ ಒಂದು ಪಾಲು. ಕೈಗೆ ಇದು ಭಾರವೇ ಅಲ್ಲ. ಆದರೆ ಪ್ರತಿ ಮೀಟಿನ ಕೊನೆಯಲ್ಲಿಯೂ ಪಿಕ್ಕನ್ನು ಎತ್ತಿ ಇಳಿಸುವ ಅಭ್ಯಾಸವಿದ್ದರೆ, ಒಂದು ಹೋಗಿಬರುವಿಕೆಯಲ್ಲಿ ಎರಡು ಏರಿಳಿತಗಳಾಗುತ್ತವೆ. ಆವೃತ್ತಿ ಐದರಿಂದ ಹತ್ತಕ್ಕೇರಿತು. ವಿಸ್ತಾರವನ್ನು ೧ ಮಿಲಿಮೀಟರಿಗೆ ಇಳಿಸಿದರೂ ಈ ಏರಿಳಿತಕ್ಕೆ ಬೇಕಾದ ವೇಗೋತ್ಕರ್ಷ ಸುಮಾರು ೪. ಅರ್ಧ ದೂರಕ್ಕೆ ಇಮ್ಮಡಿ ಬಲ! ಜೊತೆಗೆ, ಎತ್ತುವ ಸ್ನಾಯು ಸಡಿಲುವ ಮೊದಲೇ ಇಳಿಸುವ ಸ್ನಾಯು ಬಿಗಿಯಬೇಕಾಗುವುದರಿಂದ ಮಣಿಕಟ್ಟು ಸೆಟೆದುಕೊಳ್ಳುತ್ತದೆ. ಇಂಥ ಚಲನೆಯನ್ನು ಎಷ್ಟು ಸಾಧನೆ ಮಾಡಿದರೆ ಅಷ್ಟೂ ಅದೇ ಗಟ್ಟಿಯಾಗುತ್ತದೆಯಲ್ಲದೆ ವೇಗ ಬಾರದು.

ಪಾರಾಗುವ ಉಪಾಯ ಬಲು ಸರಳ. ಪಿಕ್ಕಿನ ಹಾದಿಯನ್ನೇ ಓರೆಮಾಡಬೇಕು. ಹಾದಿಯು ತಂತಿಗಳ ಸಮತಲಕ್ಕೆ ೧೦ ಡಿಗ್ರಿಯಷ್ಟು ಓರೆಯಾಗಿದ್ದರೆ, ೧೦ ಮಿಲಿಮೀಟರು ಸಾಗುವಷ್ಟರಲ್ಲಿ ತುದಿ ತಾನಾಗಿಯೇ ೧.೭ ಮಿಲಿಮೀಟರಿಗಿಂತ ಹೆಚ್ಚು ಏರಿರುತ್ತದೆ. ತಂತಿಯ ಕೆಳಗೆ ಒಂದು ಮಿಲಿಮೀಟರಿನಷ್ಟು ಮಾತ್ರ ಇಳಿದಿದ್ದ ತುದಿಗೆ ಇದು ಧಾರಾಳವಾಯಿತು. (ಮಣಿಕಟ್ಟಿನ ಸುತ್ತ ತಿರುಗುವ ಹಾದಿ ನಿಜವಾಗಿ ತುಸು ಬಾಗಿರುತ್ತದೆ; ಲೆಕ್ಕದ ಅನುಕೂಲಕ್ಕಾಗಿ ಸರಳರೇಖೆಯೆಂದಿದ್ದೇನೆ.) ಈಗ ಮೇಲ್ಮೀಟು ಮುಗಿದಾಗ ಪಿಕ್ಕು ಗಾಳಿಯಲ್ಲಿದೆ, ಮುಂದಿನ ತಂತಿ ಯಾವ ಕಡೆಗಿದ್ದರೂ ಅದನ್ನು ಒಯ್ಯಬಹುದು. ಪ್ರತ್ಯೇಕವಾದ ಏರಿಳಿತವೇ ಬೇಡ.

ಆದರೆ ಬಿಡುಗಡೆ ಒಂದು ಕಡೆಗೆ ಮಾತ್ರ. ಕೆಳಮೀಟಿನ ಕೊನೆಯಲ್ಲಿ ತುದಿ ಇನ್ನೂ ಆಳಕ್ಕಿಳಿದು ತಂತಿಗಳ ನಡುವೆ ಬಂಧಿಯಾಗುತ್ತದೆ. ಆದುದರಿಂದ ಪ್ರತಿ ತಂತಿಯ ಕೊನೆಯ ಸ್ವರವೂ ಮೇಲ್ಮೀಟಾಗಬೇಕು. ಕೆಳಮೀಟಿನಿಂದ ಆರಂಭಿಸಿದರೆ ಒಂದೊಂದು ತಂತಿಗೂ ಸಮಸಂಖ್ಯೆಯ ಸ್ವರಗಳಿರಬೇಕೆಂದಾಯಿತು.

ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನನ ವಾದನದಲ್ಲಿ ಈ ನಿಯಮ ಸೊಗಸಾಗಿ ಕಾಣುತ್ತದೆ. ೧೯೮೪ರ 'ರೈಸಿಂಗ್ ಫೋರ್ಸ್' ಧ್ವನಿಮುದ್ರಿಕೆಯಿಂದ ಆತನ ವೇಗ ಲೋಕಪ್ರಸಿದ್ಧವಾಯಿತು. ಸ್ವರಗಳು ಸಮಸಂಖ್ಯೆಯಲ್ಲಿದ್ದರೆ ಆತ ಸುಮ್ಮನೆ ಮೀಟಿಕೊಂಡು ಹೋಗುತ್ತಾನೆ. ಮೂರೇ ಸ್ವರಗಳಿದ್ದು ತೆಳುವಾದ ತಂತಿಗೆ ಹೋಗಬೇಕಾದಾಗ ಕೊನೆಯ ಕೆಳಮೀಟನ್ನು ಹಾಗೆಯೇ ಮುಂದಕ್ಕೆ ದೂಡಿ, ಅದೇ ನೂಕಿನಲ್ಲಿ ಪಕ್ಕದ ತಂತಿಯನ್ನೂ ಮೀಟುತ್ತಾನೆ. ದಪ್ಪ ತಂತಿಯ ಕಡೆಗಾದರೆ ಆ ದಾರಿ ಮುಚ್ಚಿದೆ. ಆಗ ಎರಡನ್ನು ಮಾತ್ರ ಮೀಟಿ, ಮೂರನೆಯದನ್ನು ಎಡಗೈಯ ಬೆರಳನ್ನು ಸೆಳೆದೇ ನುಡಿಸುತ್ತಾನೆ. ಲೆಕ್ಕ ಮತ್ತೆ ಸಮವಾಯಿತು! ಇಂಥ ಚಲನೆಗಳನ್ನು ಅಮೆರಿಕದ ಟ್ರಾಯ್ ಗ್ರೇಡಿ ಎಂಬ ವಾದಕರು ಗಿಟಾರಿಗೇ ಕ್ಯಾಮೆರಾ ಅಳವಡಿಸಿ, ಚಿತ್ರಿಸಿ, ವಿವರಿಸಿದ್ದಾರೆ.

ಜಿಪ್ಸಿ ಜಾಝ್ ಸಂಪ್ರದಾಯದ ಮೂಲಪುರುಷನಾದ ಜಾಂಗೋ ರೈನ್‌ಹಾರ್ಟನ (೧೯೧೦–೧೯೫೩) ಪರಂಪರೆಯಲ್ಲಿಯೂ ಪಿಕ್ಕು ಇದೇ ಓರೆಯಲ್ಲಿರುತ್ತದೆ. ಕೆಳಮೀಟು ಪಕ್ಕದ ತಂತಿಯ ಮೇಲೆ ಹೋಗಿ ನಿಲ್ಲುತ್ತದೆ. ಆದರೆ ಅಲ್ಲಿ ಪ್ರತಿ ಹೊಸ ತಂತಿಯನ್ನೂ ಕೆಳಮೀಟಿನಿಂದಲೇ ಆರಂಭಿಸಬೇಕೆಂಬ ಕಟ್ಟಳೆಯಿದೆ. ಇದರಿಂದ ಕೆಲವೆಡೆ ಒಂದು ಹೆಚ್ಚಿನ ಚಲನೆ ಬೇಕಾಗುತ್ತದೆ. ವಿದ್ಯುತ್ತಿನ ನೆರವಿಲ್ಲದೆ ಗಟ್ಟಿಯಾದ ನಾದ ಹೊರಡಿಸುವವರಿಗೆ ಆ ನಷ್ಟ ಒಪ್ಪಿಗೆಯೇ ಎಂದು ನನಗೆ ತೋರುತ್ತದೆ.

ಗಿಟಾರುಳ್ಳ ವಾಚಕರು ಒಂದು ಪರೀಕ್ಷೆ ಮಾಡಬಹುದು. ಒಂದೇ ತಂತಿಯನ್ನು ಸಲೀಸಾಗಿ, ವೇಗವಾಗಿ ಮೀಟುತ್ತಿದ್ದು, ಮೇಲ್ಮೀಟಿನ ಬಳಿಕ ಥಟ್ಟನೆ ನಿಲ್ಲಿಸಿ ಪಿಕ್ಕಿನ ತುದಿಯನ್ನು ನೋಡಿ. ಅದು ತಂತಿಗಳ ಮೇಲಿದ್ದರೆ ಒಂದು ತಂತಿಗೆ ನಾಲ್ಕರಂತೆ ಸ್ವರಗಳನ್ನು ಹಂಚಿ, ಕೆಳಮೀಟಿನಿಂದ ತೊಡಗಿರಿ. ತಂತಿಗಳ ನಡುವೆ ಇದ್ದರೆ ಕೆಳಮೀಟಿನ ಬಳಿಕ ನಿಲ್ಲಿಸಿ ನೋಡಿ. ಆಗ ಮೇಲಿದ್ದರೆ ನಿಮ್ಮ ಓರೆ ತಿರುಗುಮುರುಗಾಗಿದೆ, ಅದೇ ಹಂಚಿಕೆಯನ್ನು ಮೇಲ್ಮೀಟಿನಿಂದ ಆರಂಭಿಸಬೇಕು. ಎರಡು ಸಲವೂ ನಡುವೆಯೇ ಇದ್ದರೆ ಮುಂಗೈಯನ್ನು ಒಂದಿಷ್ಟು ಹೊರಳಿಸಿ ಮತ್ತೊಮ್ಮೆ ನೋಡಿರಿ.