ವಿಜ್ಞಾನಶೋಧನೆಯಲ್ಲಿ ಕೂಟದ ರಚನೆ

ಶಾಸ್ತ್ರಸಂಸ್ಥೆಗಳ ಸಿದ್ಧಿಯು ವಿದ್ವಾಂಸರ ಸಂಖ್ಯೆಗಿಂತ ಅವರ ವಿದ್ಯೆಗಳ ಪರಸ್ಪರ ಪೂರಕತೆಯನ್ನು ಹೆಚ್ಚಾಗಿ ಅವಲಂಬಿಸಿರುವುದೆಂಬುದಕ್ಕೆ ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ರಸಾಯನಸಂಸ್ಥೆಯು ನಿದರ್ಶನ. 1934ರಲ್ಲಿ ಭೌತವಿಜ್ಞಾನಿ ಲೀಸ ಮೈಟ್ನರರು, ಯುರೇನಿಯಮ್ಮಿನ ಪರೀಕ್ಷೆಗೆ ರಸಾಯನಜ್ಞರ ನೆರವು ಅನಿವಾರ್ಯವೆಂದರಿತು, ಆಟೋ ಹಾನರನ್ನು ಕೂಡಿಕೊಂಡರು. ವಿಶ್ಲೇಷಣಕುಶಲರಾದ ಫ್ರಿಟ್ಸ್ ಸ್ಟ್ರಾಸ್‌ಮನ್ನರೂ ಬಂದು ಸೇರಿದರು. ಯೆಹೂದ್ಯವಂಶಜರಾದ ಮೈಟ್ನರರು 1938ರ ಜುಲೈಯಲ್ಲಿ ನಾಜಿಗಳ ದೆಸೆಯಿಂದ ಜರ್ಮನಿಯನ್ನು ತ್ಯಜಿಸಬೇಕಾಯಿತು. ಡಿಸೆಂಬರಿನಲ್ಲಿ ಉಳಿದಿಬ್ಬರು ಯುರೇನಿಯಮ್ಮಿನಿಂದ ಬೇರಿಯಮ್ ಹುಟ್ಟುವುದನ್ನು ಕಂಡರಾದರೂ ಅದರ ಭೌತಕಾರಣವನ್ನು ನಿರ್ಣಯಿಸಲಾರದೆ ಹೋದರು. ಹಾನರ ಕಾಗದದಿಂದ ಸಂಗತಿಯನ್ನರಿತ ಮೈಟ್ನರರು, ಸೋದರಿಯ ಮಗನಾದ ಆಟೋ ಫ್ರಿಷ್‌ರೊಡನೆ ಸ್ವೀಡನ್ನಿನಲ್ಲಿ ವಿಚಾರಮಾಡಿ, ಪರಮಾಣುಬೀಜವು ಎರಡಾಗಿ ಒಡೆದುದೆಂದು ನಿರೂಪಿಸಿದರು. 1944ರ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವಾದರೋ ಹಾನರೊಬ್ಬರಿಗೇ ಸಂದಿತು. ಕೂಟವು ಕಂಡುದನ್ನು ಒಬ್ಬರ ಹೆಸರಿನಲ್ಲಿ ಬರೆದಿಟ್ಟರೆ, ಅದನ್ನು ಕಂಡ ಬಗೆಯೇ ಮರೆಯಾಗುತ್ತದೆ.