ರಜೆಯ ದಣಿವಿಗೆ ನಡಿಗೆಯ ಮದ್ದು



ದಸರಾ ರಜೆ ಬಂತೆಂದರೆ ತರೀಕೆರೆಯಿಂದ ಲಿಂಗದಹಳ್ಳಿಯ ಮೂಲಕ ಕೆಮ್ಮಣ್ಣುಗುಂಡಿಗೆ ಏರುವ ರಸ್ತೆಯಲ್ಲಿ ವಾಹನಗಳ ಸಾಲು ಕಾಣಿಸುತ್ತದೆ. ದೂರದಿಂದ ನೋಡಿದವರಿಗೆ ಎಲ್ಲರೂ ಹಾಯಾಗಿ ರಜೆ ಕಳೆಯಲು ಹೊರಟಂತೆ ತೋರುತ್ತದೆ. ಆ ವಾಹನಗಳ ಒಳಗೆ ಒಮ್ಮೆ ಇಣುಕಿ ನೋಡಿ. ತಿರುವುಗಳಿಗೆ ತಲೆಸುತ್ತಿ ತಂಗಿ ಕಿಟಕಿಗೆ ಮುಖವಿಟ್ಟಿದ್ದಾಳೆ. ಅಪ್ಪನ ಕಣ್ಣು ಗಡಿಯಾರದ ಮೇಲಿದೆ. ಹತ್ತಕ್ಕೆ ಝೆಡ್ ಪಾಯಿಂಟ್, ಮಧ್ಯಾಹ್ನ ಹೆಬ್ಬೆ ಜಲಪಾತ, ಸಂಜೆ ಕಲ್ಲತ್ತಿಗಿರಿ, ರಾತ್ರಿಗೆ ಮನೆ ಸೇರಬೇಕು. ಕಟ್ಟಿ ತಂದ ಬುತ್ತಿ ಹಳಸೀತೆಂಬ ಚಿಂತೆ ಅಮ್ಮನದು. ಹಿಂದಿನ ಸೀಟಿನಲ್ಲಿ ಕುಳಿತ ನಿಮಗೋ, ಇನ್ನೂ ಬರೆಯದ ರೆಕಾರ್ಡ್ ಪುಸ್ತಕದ ನೆನಪು. ಮರುದಿನ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ರಜೆಯ ಸುಸ್ತು ಕಳೆಯಲು ಇನ್ನೊಂದು ರಜೆ ಬೇಕು!"

ಹೀಗೇಕಾಗುತ್ತದೆ? ದಣಿವು ಕಳೆಯಲೆಂದೇ ಬರುವ ರಜೆ ನಮ್ಮನ್ನು ಮತ್ತಷ್ಟು ದಣಿಸುವುದೇಕೆ?

ಒತ್ತಡವೆಂದರೆ ದೇಹದ ಸಿದ್ಧತೆ

ಭದ್ರಾ ಅಭಯಾರಣ್ಯದ ಒಂದು ಜಿಂಕೆಯನ್ನು ಕಲ್ಪಿಸಿಕೊಳ್ಳಿ. ಚಿರತೆಯ ಸುಳಿವು ಸಿಕ್ಕೊಡನೆ ಅದರ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಹಾರ್ಮೋನುಗಳನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಇದನ್ನು "ಹೋರಾಡು ಇಲ್ಲವೇ ಓಡು" ಎಂಬ ಸಿದ್ಧತೆಯೆಂದು ವಿವರಿಸಿದರು. ಜಿಂಕೆ ಓಡುತ್ತದೆ. ಪಾರಾದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೇಯತೊಡಗುತ್ತದೆ. ಸಿದ್ಧತೆಗೆ ತಕ್ಕ ಕೆಲಸ ಸಿಕ್ಕಿತು, ಅಲ್ಲಿಗೆ ಅದು ಮುಗಿಯಿತು.

ನಮ್ಮ ದೇಹದಲ್ಲಿ ನಡೆಯುವುದೂ ಇದೇ. ಹಬ್ಬಕ್ಕೆ ಬಂದ ನೆಂಟರ ನಡುವೆ ಚಿಕ್ಕಪ್ಪ "ಎಷ್ಟು ಮಾರ್ಕ್ಸು?" ಎಂದು ಕೇಳುತ್ತಾರೆ. ನಿಮ್ಮ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಆದರೆ ನೀವು ಹೋರಾಡುವಂತೆಯೂ ಇಲ್ಲ, ಓಡುವಂತೆಯೂ ಇಲ್ಲ. ಹೋಳಿಗೆಯ ತಟ್ಟೆ ಹಿಡಿದು ನಗುತ್ತಾ ಕುಳಿತಿರಬೇಕು! ಕೆಲಸ ಸಿಗದ ಆ ಸಿದ್ಧತೆ ಭುಜದ ಬಿಗಿಯಾಗಿ, ತಲೆನೋವಾಗಿ, ರಾತ್ರಿ ಬಾರದ ನಿದ್ರೆಯಾಗಿ ಉಳಿದುಬಿಡುತ್ತದೆ. ವಾಹನದಲ್ಲಿ ಕುಳಿತೇ ನಾಲ್ಕು ತಾಣ ನೋಡಿ ಬಂದರೂ ಅದು ಕರಗುವುದಿಲ್ಲ. ಅದಕ್ಕೆ ಬೇಕಾದುದು ಚಲನೆ, ಚಲನೆಯ ನಂತರದ ವಿರಾಮ.

ಬೆಟ್ಟ ಕಲಿಸುವ ಪಾಠ

ಕೆಮ್ಮಣ್ಣುಗುಂಡಿ ಎಂದರೆ ಕೆಂಪು ಮಣ್ಣಿನ ಗುಂಡಿ. ಇಲ್ಲಿನ ಕಬ್ಬಿಣದ ಅದಿರು ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. ಅದೇ ಬೆಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ವಿಶ್ರಾಂತಿಧಾಮವೂ ಆಗಿತ್ತು. ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರು ಬಂದದ್ದು ಹಾಗೆ. ದುಡಿಮೆ, ವಿಶ್ರಾಂತಿ ಎರಡನ್ನೂ ಕಂಡ ಈ ಬೆಟ್ಟದಲ್ಲಿ ನೀವೂ ಎರಡನ್ನೂ ಕಲಿಯಬಹುದು.

ಮುಂದಿನ ಬಾರಿ ಅಲ್ಲಿಗೆ ಹೋದಾಗ ನಾಲ್ಕು ತಾಣಗಳ ಪಟ್ಟಿ ಬಿಡಿ, ಒಂದನ್ನೇ ಆರಿಸಿಕೊಳ್ಳಿ. ರಾಜಭವನದ ಕಡೆಯಿಂದ ಝೆಡ್ ಪಾಯಿಂಟಿಗೆ ಸುಮಾರು ಮುಕ್ಕಾಲು ಗಂಟೆಯ ಕಾಲುದಾರಿ. ನಡುವೆ ಶಾಂತಿ ಜಲಪಾತ ಸಿಗುತ್ತದೆ. ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ನಿಮ್ಮ ವೇಗ ಸರಿಯಾಗಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ನಡೆಯುತ್ತಾ ಗೆಳೆಯರೊಡನೆ ಮಾತಾಡಲು ಆಗಬೇಕು, ಹಾಡಲು ಮಾತ್ರ ಉಸಿರು ಸಾಲಬಾರದು. ಮಾತಿಗೂ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ.

ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತಂಪಿನಲ್ಲಿ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಆದ್ದರಿಂದ ನೀರು ಜೊತೆಯಲ್ಲಿರಲಿ. ಮಳೆಗಾಲದಲ್ಲಿ ದಾರಿ ಜಾರುತ್ತದೆ, ಇಂಬಳಗಳ ಕಾಟವೂ ಉಂಟು. ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಸಾಹಸವಂತೂ ಬೇಡವೇ ಬೇಡ. ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಏರುದಾರಿಗೆ ಮುನ್ನ ವೈದ್ಯರನ್ನು ಕೇಳಿಕೊಳ್ಳಬೇಕು.

ಮೇಲೆ ತಲುಪಿದ ಮೇಲೆ ಕೂಡಲೇ ಮೊಬೈಲ್ ತೆಗೆಯಬೇಡಿ. ಸುರಕ್ಷಿತ ಜಾಗದಲ್ಲಿ ಕುಳಿತು ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಹೀಗೆ ಹತ್ತು ಬಾರಿ ಮಾಡಿ. ಉಸಿರು ಬಿಡುವಾಗ ವೇಗಸ್ ಎಂಬ ನರದ ಪ್ರಭಾವದಿಂದ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಬಿಡುವ ಉಸಿರು ದೀರ್ಘವಾದಷ್ಟೂ ದೇಹಕ್ಕೆ "ಅಪಾಯ ಕಳೆಯಿತು" ಎಂಬ ಸೂಚನೆ ಸಿಗುತ್ತದೆ.

ಮನೆಯಲ್ಲೇ ಇದ್ದರೆ?

ಎಲ್ಲರಿಗೂ ಪ್ರವಾಸದ ಭಾಗ್ಯ ಇರುವುದಿಲ್ಲ. ಚಿಕ್ಕಮಗಳೂರಿನ ಕಡೆ ವರ್ಷದ ಕೊನೆಯ ತಿಂಗಳುಗಳೆಂದರೆ ಕಾಫಿ ಕೊಯ್ಲಿನ ಕಾಲ. ತೋಟದ ಮನೆಗಳಲ್ಲಿ ಆಗ ಯಾರಿಗೂ ಬಿಡುವಿಲ್ಲ. ಮತ್ತೆ ಪರೀಕ್ಷೆ ಬರೆಯಬೇಕಾದವರಿಗೆ ಬೇಸಿಗೆ ರಜೆ ಹೆಸರಿಗಷ್ಟೇ ರಜೆ. ಇಂಥವರಿಗೇ ಈ ಮದ್ದು ಹೆಚ್ಚು ಬೇಕು, ಮತ್ತು ಅದಕ್ಕೆ ಬೆಟ್ಟವೇ ಆಗಬೇಕೆಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕು. 18 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ. ಅದನ್ನು ಒಂದೇ ಸಲ ಮಾಡಬೇಕಾಗಿಲ್ಲ. ಬೆಳಿಗ್ಗೆ ಕೆರೆಯ ಏರಿಯ ಮೇಲೆ ಇಪ್ಪತ್ತು ನಿಮಿಷ ಬಿರುಸಿನ ನಡಿಗೆ, ಸಂಜೆ ತಮ್ಮ ತಂಗಿಯರೊಡನೆ ಕುಂಟಾಬಿಲ್ಲೆಯೋ ಕಬಡ್ಡಿಯೋ ಸಾಕು.

ಇನ್ನೊಂದು ಮಾತು. ನಿಮಗೆ ರಜೆಯೆಂದರೆ ನಿಮ್ಮ ಅಮ್ಮನಿಗೆ ಇಮ್ಮಡಿ ಕೆಲಸ, ಅಲ್ಲವೇ? ಅಂಗಳ ಗುಡಿಸುವುದು, ನೀರು ತುಂಬುವುದು, ಹಾಸಿಗೆ ಬಿಸಿಲಿಗೆ ಹಾಕುವುದು, ಪಾತ್ರೆ ತೊಳೆಯುವುದು ಇವೆಲ್ಲವೂ ಚಟುವಟಿಕೆಗಳೇ. ಇವನ್ನು ಅಕ್ಕ ತಂಗಿಯರ ಪಾಲಿಗೆ ಬಿಟ್ಟು ಅಣ್ಣ ತಮ್ಮಂದಿರು ಟಿವಿಯ ಮುಂದೆ ಕೂರುವುದು ನ್ಯಾಯವಲ್ಲ. ಕೆಲಸ ಹಂಚಿಕೊಂಡರೆ ನಿಮ್ಮ ಭುಜದ ಬಿಗಿ ಸಡಿಲವಾಗುತ್ತದೆ, ಅಮ್ಮನಿಗೂ ಅರ್ಧ ಗಂಟೆ ಕಾಲು ಚಾಚಿ ಕೂರಲು ಬಿಡುವು ಸಿಗುತ್ತದೆ. ಮನೆಯ ಒತ್ತಡ ಇಳಿದರೆ ನಿಮ್ಮದೂ ಇಳಿದಂತೆ.

ರಾತ್ರಿ ಮಲಗುವ ಮುನ್ನ ಹೀಗೆ ಮಾಡಿ ನೋಡಿ. ಪಾದದ ಸ್ನಾಯುಗಳನ್ನು ಐದು ಸೆಕೆಂಡು ಬಿಗಿ ಹಿಡಿದು ಪೂರ್ತಿ ಸಡಿಲ ಬಿಡಿ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ಮುಖ ಎಂದು ಕ್ರಮವಾಗಿ ಮೇಲಕ್ಕೆ ಬನ್ನಿ. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು ಕಳೆದ ಶತಮಾನದ ಮೊದಲರ್ಧದಲ್ಲಿ ರೂಪಿಸಿದ ವಿಧಾನದಿಂದ ಬಂದ ಸರಳ ಅಭ್ಯಾಸ ಇದು. ಬಿಗಿ ಯಾವುದು, ಸಡಿಲ ಯಾವುದು ಎಂಬ ವ್ಯತ್ಯಾಸವನ್ನು ದೇಹವೇ ಕಲಿಯುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ರಜೆಯೆಂದು ನಡುರಾತ್ರಿಯವರೆಗೆ ಮೊಬೈಲ್ ನೋಡಿ ಹಗಲು ಹತ್ತಕ್ಕೆ ಏಳುವ ಅಭ್ಯಾಸವಾದರೆ, ತರಗತಿ ಶುರುವಾದ ವಾರವೆಲ್ಲ ತೂಕಡಿಕೆಯೇ ಗತಿ.

ಮದ್ದಿಗೂ ಮಿತಿಯುಂಟು

ನಡಿಗೆ, ಉಸಿರಾಟ, ನಿದ್ರೆ ಇವು ದಿನನಿತ್ಯದ ಒತ್ತಡಕ್ಕೆ ಮದ್ದು, ಎಲ್ಲಕ್ಕೂ ಅಲ್ಲ. ಎರಡು ವಾರ ಕಳೆದರೂ ಬೇಸರ ಬಿಡದಿದ್ದರೆ, ಊಟ ನಿದ್ರೆ ಕೆಟ್ಟಿದ್ದರೆ, ಅಥವಾ ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಅಪ್ಪ ಅಮ್ಮನಿಗೋ, ನಿಮಗೆ ಹಿತವೆನಿಸುವ ಉಪಾಧ್ಯಾಯರಿಗೋ ಹೇಳಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಅಲ್ಲಿ ಮಾತಾಡಬಹುದು. ಜ್ವರಕ್ಕೆ ವೈದ್ಯರ ಬಳಿ ಹೋಗಲು ನಾಚದ ನಾವು ಮನಸ್ಸಿನ ನೋವಿಗೆ ಏಕೆ ನಾಚಬೇಕು?

ಈ ಸಲದ ರಜೆಯಲ್ಲಿ ಒಂದೇ ಒಂದು ವಾರ ಪ್ರಯತ್ನಿಸಿ. ಬೆಳಿಗ್ಗೆ ನಡಿಗೆ, ದಿನಕ್ಕೊಂದು ಮನೆಗೆಲಸ, ಮಲಗುವ ಮುನ್ನ ಹತ್ತು ದೀರ್ಘ ಉಸಿರು. ದಿನವೂ ರಾತ್ರಿ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ: ಇಂದು ನಿದ್ರೆ ಹೇಗಿತ್ತು, ಮನಸ್ಸು ಹೇಗಿತ್ತು? ವಾರದ ಕೊನೆಗೆ ಆ ಏಳು ಸಾಲುಗಳನ್ನು ನೀವೇ ಓದಿ ನೋಡಿ. ಆಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವ ಅವಕಾಶ ಬಂದರೆ, ಚಪ್ಪಲಿಗೆ ಒಂದಿಷ್ಟು ಕೆಂಪು ಮಣ್ಣು ಮೆತ್ತುವಷ್ಟು ನಡೆದೇ ಬನ್ನಿ.